ಬದಿಯಡ್ಕದ ಮನೆಯಲ್ಲಿ ಓಪನ್‌ಬಿಎಸ್‌ಡಿಗೆ ವೈಫೈ ಸಿಕ್ಕಿದ್ದು

ಅಣ್ಣ ಬಿಟ್ಟುಹೋದ ಹಳೇ ಲ್ಯಾಪ್‌ಟಾಪಿಗೆ ಓಪನ್‌ಬಿಎಸ್‌ಡಿ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ. 1995ರಲ್ಲಿ ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಸಿಸ್ಟಂನಿಂದ ಕವಲೊಡೆದ ಈ ವ್ಯವಸ್ಥೆಯ ಮ್ಯಾನ್ ಪುಟಗಳೆಂದರೆ, ಅಂದರೆ ಅದರೊಳಗೇ ಇರುವ ಕೈಪಿಡಿಯೆಂದರೆ, ನನಗೆ ಪ್ರಾಣ. ಎಲ್ಲ ಸರಿ, ವೈಫೈ ಮಾತ್ರ ಇಲ್ಲ. ಡಿಮೆಸೇಜ್ (ಸಿಸ್ಟಂ ಶುರುವಾಗುವಾಗಿನ ಸಂದೇಶಗಳ ಪಟ್ಟಿ) ನೋಡಿದರೆ ಐಡಬ್ಲ್ಯುಎಂ0ಕ್ಕೆ, ಅಂದರೆ ಇಂಟೆಲ್ ವೈಫೈ ಕಾರ್ಡಿಗೆ, ಫರ್ಮ್‌ವೇರ್ (ಕಾರ್ಡನ್ನು ನಡೆಸುವ ಒಳಗಿನ ತಂತ್ರಾಂಶ) ಓದಲಾಗಲಿಲ್ಲ ಎಂದಿತ್ತು. ಲೈಸೆನ್ಸಿನ ತೊಡಕಿನಿಂದ ಅದು ಇನ್‌ಸ್ಟಾಲರ್ ಜೊತೆ ಬರುವುದಿಲ್ಲ. ಇಳಿಸಿಕೊಳ್ಳೋಣವೆಂದರೆ ನೆಟ್ ಬೇಕು. ಪೆಟ್ಟಿಗೆಯೊಳಗೇ ಬೀಗದ ಕೈ ಉಳಿದ ಹಾಗೆ! ಎರಡು ಸಂಜೆ ಹೋಯಿತು.

ಕೊನೆಗೆ ಅಮ್ಮನ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಹಂಚುವುದು) ಆನ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಫೋನು ಯುಆರ್‌ಎನ್‌ಡಿಐಎಸ್0 ಎಂಬ ನೆಟ್‌ವರ್ಕ್ ಸಾಧನವಾಗಿ ಕಾಣಿಸಿತು. ಒಳಗೆ ಸಿಗ್ನಲ್ ಸಾಲದೆ, ಎಲ್ಲವನ್ನೂ ಜಗಲಿಗೆ ತಂದು ಅಡಿಕೆ ಚೀಲದ ಪಕ್ಕ ಕೂತೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, ಫೋನಿನಿಂದ ನೆಟ್ ಪಡೆಯಲು ‘ಇಫ್‌ಕಾನ್ಫಿಗ್ ಯುಆರ್‌ಎನ್‌ಡಿಐಎಸ್0 ಇನೆಟ್ ಆಟೋಕಾನ್ಫ್’ ಆದೇಶ ಕೊಟ್ಟೆ, ಆಮೇಲೆ ಫರ್ಮ್‌ವೇರ್ ಇಳಿಸಲು ‘ಎಫ್‌ಡಬ್ಲ್ಯು_ಅಪ್‌ಡೇಟ್’. ಫರ್ಮ್‌ವೇರ್ ತಾನಾಗಿ ಇಳಿಯಿತು! ರೀಬೂಟ್ ಮಾಡಿ, ‘ಹೋಸ್ಟ್‌ನೇಮ್.ಐಡಬ್ಲ್ಯುಎಂ0’ ಫೈಲಿನಲ್ಲಿ ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಬರೆದು, ನೆಟ್‌ವರ್ಕ್ ಶುರು ಮಾಡುವ ‘ನೆಟ್‌ಸ್ಟಾರ್ಟ್’ ಓಡಿಸಿದೆ. ಈಗ ಆನ್ ಮಾಡಿದ ಕೂಡಲೇ ನೆಟ್ ಸಿಗುತ್ತದೆ.