ಹಳೆಯ ಟ್ರಾವೆಲರ್ ಪೂರಕ ಪುಸ್ತಕವನ್ನು ಮತ್ತೆ ಆಟಕ್ಕಿಳಿಸುವ ಮುನ್ನ

ಮೇಜಿನ ಸುತ್ತ ಕೂತು ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಬಾಹ್ಯಾಕಾಶದ ಆಟ ಟ್ರಾವೆಲರ್ 1977ರಲ್ಲಿ ಬಂದ ಮೇಲೆ ಜಡ್ಜಸ್ ಗಿಲ್ಡ್, ಫಾಸಾ, ಪ್ಯಾರನಾಯಾ ಪ್ರೆಸ್, ಗೇಮ್‌ಲಾರ್ಡ್ಸ್‌ನಂಥ ಹೊರಗಿನ ಪ್ರಕಾಶಕರು ಅದಕ್ಕಾಗಿ ನಕ್ಷೆ, ಹಡಗು, ಸಾಹಸಗಳ ಪುಸ್ತಕಗಳನ್ನು ಸಾಲುಸಾಲಾಗಿ ತಂದರು. ಈಗ ಅವನ್ನು ತೆರೆದರೆ ಕಲ್ಪನೆ ಇನ್ನೂ ತಾಜಾ ಅನ್ನಿಸುತ್ತದೆ. ಕೈಕೊಡುವುದು ಅಂಕಿಗಳು. ಹಾಗಂತ ಇಡೀ ಪುಸ್ತಕವನ್ನು ರಿಪೇರಿ ಮಾಡಲು ಕೂರಬೇಡಿ. ಮೊದಲ ಮೂರು ಆಟಗಳಲ್ಲಿ ಆಟಗಾರರು ಮುಟ್ಟುವ ಗ್ರಹಗಳು ಮತ್ತು ಒಂದೆರಡು ಹಡಗುಗಳು ಸರಿಯಿದ್ದರೆ ಸಾಕು.

ಮೂಲ ಪ್ರತಿಯನ್ನು ಮೇಜಿನ ಮೇಲೆ ಬಳಸಬೇಡಿ. ಆ ಕಾಲದ ಎಷ್ಟೋ ಪುಸ್ತಕಗಳದ್ದು ಅಗ್ಗದ ಕಾಗದ. ಹಳದಿಯಾಗಿ, ಮಡಿಕೆಯಲ್ಲೇ ಮುರಿಯುತ್ತದೆ. ಸ್ಟೇಪಲ್ ಪಿನ್ ತುಕ್ಕು ಹಿಡಿದಿದ್ದರೆ ಎಳೆಯಬಾರದು, ಕಾಗದ ಹರಿದು ಬರುತ್ತದೆ. ನಡುಪುಟದಲ್ಲಿ ಪಿನ್ನಿನ ಕಾಲುಗಳನ್ನು ತೆಳು ಅಲಗಿನಿಂದ ನೆಟ್ಟಗೆ ಎತ್ತಿ, ಹಿಂಬದಿಯಿಂದ ಹೊರಕ್ಕೆ ತಳ್ಳಿ. ಪಠ್ಯವನ್ನು 300 ಡಿಪಿಐನಲ್ಲಿ, ನಕ್ಷೆಗಳನ್ನು 600ರಲ್ಲಿ ಸ್ಕ್ಯಾನ್ ಮಾಡಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚುವ ಆಸೆ ಬೇಡ. ಕೆಲವು ವರ್ಷಗಳಲ್ಲಿ ಅಂಟು ಕಂದು ಕಲೆಯಾಗಿ ಉಳಿಯುತ್ತದೆ.

ಆಮೇಲೆ ಮುದ್ರಣದ ವರ್ಷ ನೋಡಿ. ಮೂಲ ನಿಯಮಗಳು 1981ರಲ್ಲಿ ಪರಿಷ್ಕೃತವಾದವು. ಅದಕ್ಕೂ ಮುಂಚಿನ ಪುಸ್ತಕವಾದರೆ ಅದು 1977ರ ನಿಯಮ ನೋಡಿ ಬರೆದದ್ದು. ತಪ್ಪೆಂದು ಕಾಣುವ ಎಷ್ಟೋ ಸಂಗತಿಗಳು ಹಳೆಯ ನಿಯಮಕ್ಕೆ ಸರಿಯಾಗಿಯೇ ಇರುತ್ತವೆ.

ಗ್ರಹಗಳ ಸಂಕೇತ

ಪ್ರತಿ ಗ್ರಹಕ್ಕೂ ಎಂಟು ಅಂಕಿ-ಅಕ್ಷರಗಳ ಸಾಲು ಇರುತ್ತದೆ. ಕ್ರಮವಾಗಿ ಬಂದರು, ಗಾತ್ರ, ವಾಯುಮಂಡಲ, ನೀರು, ಜನಸಂಖ್ಯೆ, ಸರ್ಕಾರ, ಕಾನೂನು, ತಂತ್ರಜ್ಞಾನ. ವಾಯುಮಂಡಲವನ್ನು ಎರಡು ದಾಳಗಳ ಮೊತ್ತದಿಂದ 7 ಕಳೆದು ಗಾತ್ರ ಕೂಡಿಸಿ ಪಡೆಯುತ್ತಾರೆ. ಸರ್ಕಾರಕ್ಕೆ ಇದೇ ಲೆಕ್ಕದಲ್ಲಿ ಜನಸಂಖ್ಯೆ ಕೂಡುತ್ತದೆ, ಕಾನೂನಿಗೆ ಸರ್ಕಾರ. ಅಂದರೆ ಈ ಮೂರರಲ್ಲೂ ಅಂಕಿ ತನ್ನ ಆಧಾರದಿಂದ 5ಕ್ಕಿಂತ ಹೆಚ್ಚು ಆಚೀಚೆ ಹೋಗುವಂತಿಲ್ಲ. ಗಾತ್ರ 0 ಅಥವಾ 1 ಇದ್ದರೆ ನೀರು 0 ಆಗಲೇಬೇಕು.

ಉದಾಹರಣೆಗೆ ಸಿ185439-7 ಎಂಬ ಸಾಲು ಸಿಕ್ಕಿತು ಅನ್ನಿ. ಗಾತ್ರ 1ಕ್ಕೆ ವಾಯುಮಂಡಲ ಹೆಚ್ಚೆಂದರೆ 6, ಇಲ್ಲಿ 8 ಇದೆ. ನೀರು 0 ಇರಬೇಕಾದಲ್ಲಿ 5. ಎರಡೂ ತಪ್ಪುಗಳು ಒಂದೇ ಅಂಕಿಗೆ ಬೆರಳು ತೋರಿಸುತ್ತಿವೆ: ಆ 1 ಬಹುಶಃ 7. ಟೈಪಿಂಗಿನಲ್ಲೂ ಸ್ಕ್ಯಾನಿನಲ್ಲೂ ಈ ಎರಡು ಕಲಸಿಹೋಗುವುದು ಮಾಮೂಲು. 8 ಮತ್ತು ಬಿ, 0 ಮತ್ತು ಡಿ ಕೂಡ ಹಾಗೆಯೇ. 7 ಹಾಕಿದರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ. ತಂತ್ರಜ್ಞಾನವನ್ನೂ ನೋಡಿಬಿಡಿ: ಸಿ ಬಂದರಿಗೆ 2, ಜನಸಂಖ್ಯೆ 4ಕ್ಕೆ 1, ಜೊತೆಗೆ ಒಂದು ದಾಳ. 4ರಿಂದ 9ರವರೆಗೆ ಬರಬಹುದು, 7 ಸರಿಯೇ.

ಉಳಿದದ್ದು ಕಾನೂನು. ಸರ್ಕಾರ 3 ಇದ್ದಾಗ 8 ಮೀರಬಾರದು, ಇಲ್ಲಿ 9 ಇದೆ. ಇದನ್ನು ತಿದ್ದದೆ ಹಾಗೇ ಬಿಡುವುದು ವಾಸಿ. ಕೆಲವೇ ಹತ್ತು ಸಾವಿರ ಜನರ ಗ್ರಹ, ಸಣ್ಣ ಗುಂಪಿನ ಆಳ್ವಿಕೆ, ಆ ಗುಂಪಿನ ಕೈಮೀರಿದ ಕಟ್ಟುನಿಟ್ಟು. ಅದನ್ನು ಹೊರಗಿನಿಂದ ಹೇರಿದವರು ಯಾರು ಎಂದು ಯೋಚಿಸಿದರೆ ಒಂದು ಸಂಜೆಯ ಆಟ ಸಿದ್ಧ. ಲೆಕ್ಕ ತಪ್ಪಿದ ಅಂಕಿಗಳೆಲ್ಲ ಕಸವಲ್ಲ.

ನಕ್ಷೆಯಲ್ಲಿ ನೋಡಬೇಕಾದದ್ದು ಒಂದೇ. ಒಂದು ಹೆಕ್ಸ್ (ನಕ್ಷೆಯ ಆರು ಬದಿಯ ಮನೆ) ಅಂದರೆ ಒಂದು ಪಾರ್ಸೆಕ್, ನಕ್ಷತ್ರಗಳ ನಡುವಿನ ದೂರದ ಅಳತೆ. ಆಟಗಾರರ ಹಡಗು ಜಂಪ್-1, ಅಂದರೆ ಒಂದು ನೆಗೆತಕ್ಕೆ ಒಂದೇ ಪಾರ್ಸೆಕ್ ದಾಟುವಂಥದ್ದು ಆಗಿದ್ದರೆ, ಒಂದಕ್ಕೊಂದು ತಾಗಿದ ಹೆಕ್ಸ್‌ಗಳಲ್ಲಿರುವ ಗ್ರಹಗಳನ್ನು ಪೆನ್ಸಿಲ್ಲಿನಲ್ಲಿ ಜೋಡಿಸಿ. ಸಾಹಸ ನಡೆಯುವ ಜಾಗ ಆ ಗೆರೆಯ ಹೊರಗೆ ಬಿದ್ದರೆ ಇವರು ಅಲ್ಲಿಗೆ ಹೋಗುವುದೇ ಇಲ್ಲ. ಸಾಹಸವನ್ನೇ ಗೆರೆಯ ಮೇಲಿನ ಗ್ರಹಕ್ಕೆ ಎತ್ತಿ ತನ್ನಿ.

ಹಡಗು

ಹೆಚ್ಚು ಹೊತ್ತು ಹಿಡಿಯುವುದು ಇದು. ಹೋಲಿಕೆಗೆ ಮೂಲ ನಿಯಮಪುಸ್ತಕದ 200 ಟನ್ನಿನ (ಇಲ್ಲಿ ಟನ್ ತೂಕವಲ್ಲ, ಜಾಗದ ಅಳತೆ) ಸರಕು ಹಡಗು ಫ್ರೀ ಟ್ರೇಡರ್ ಕೂಡಿ ನೋಡಿ: ಬ್ರಿಡ್ಜ್ (ಹಡಗು ನಡೆಸುವ ಕೋಣೆ) 20, ಕಂಪ್ಯೂಟರ್ 1, ಮೂರು ಯಂತ್ರಗಳು (ಜಂಪ್, ಚಾಲನೆ, ವಿದ್ಯುತ್ ಸ್ಥಾವರ) 15, ಇಂಧನ 30, ಹತ್ತು ಕೋಣೆಗಳು 40, ಇಪ್ಪತ್ತು ಶೀತನಿದ್ರೆಯ ಪೆಟ್ಟಿಗೆಗಳು 10, ಗನ್ ನಿಯಂತ್ರಣ 2, ಸರಕು 82. ಸರಿಯಾಗಿ 200. ಪೂರಕ ಪುಸ್ತಕದ ಹಡಗನ್ನೂ ಹೀಗೆ ಕೂಡಿ.

ಕೂಡದಿದ್ದರೆ ತಕ್ಷಣ ಬರೆದವರನ್ನು ಬೈಯಬೇಡಿ. ಹಡಗು ಕಟ್ಟಲು ಎರಡು ಪದ್ಧತಿಗಳಿದ್ದವು. ಟ್ರಾವೆಲರ್ ನಿಯಮಗಳ ಎರಡನೇ ಪುಸ್ತಕದಲ್ಲಿ ಯಂತ್ರಗಳಿಗೆ ಅಕ್ಷರಗಳ ಕೋಷ್ಟಕ. ಐದನೇ ಪುಸ್ತಕ ಹೈ ಗಾರ್ಡ್‌ನಲ್ಲಿ ಹಡಗಿನ ಶೇಕಡಾವಾರು ಲೆಕ್ಕ. ಜಂಪ್ ಇಂಧನ ಎರಡರಲ್ಲೂ ಒಂದೇ, ಪ್ರತಿ ಜಂಪ್ ಅಂಕಿಗೆ ಹಡಗಿನ ಶೇ. 10. ವ್ಯತ್ಯಾಸವಿರುವುದು ವಿದ್ಯುತ್ ಸ್ಥಾವರದ ಇಂಧನದಲ್ಲಿ. ಮೊದಲ ಪದ್ಧತಿಯಲ್ಲಿ ಸ್ಥಾವರದ ಪ್ರತಿ ಅಂಕಿಗೆ 10 ಟನ್, ಹಡಗು ಎಷ್ಟೇ ದೊಡ್ಡದಿರಲಿ. ಎರಡನೆಯದರಲ್ಲಿ ಪ್ರತಿ ಅಂಕಿಗೆ ಹಡಗಿನ ಶೇ. 1. ಹಾಗಾಗಿ ಅದೇ ಫ್ರೀ ಟ್ರೇಡರ್‌ಗೆ 30ರ ಬದಲು 22 ಟನ್ ಇಂಧನ ಸಾಕಾಗುತ್ತದೆ. ಯಾವ ಪದ್ಧತಿಯೆಂದು ಮೊದಲು ಗುರುತಿಸಿ. ಒಂದೇ ಹಡಗಿನಲ್ಲಿ ಎರಡನ್ನೂ ಬೆರೆಸಿದರೆ ಸರಕಿನ ಜಾಗ ಪುಕ್ಕಟೆಯಾಗಿ ಬೆಳೆಯುತ್ತದೆ, ಲೆಕ್ಕ ಬಲ್ಲ ಆಟಗಾರ ಅದನ್ನು ಹಿಡಿಯದೆ ಬಿಡುವುದಿಲ್ಲ.

ಡೆಕ್‌ಪ್ಲಾನ್‌ನ (ಹಡಗಿನ ಒಳಗಿನ ನಕ್ಷೆ) ಒಂದು ಚೌಕ 1.5 ಮೀಟರ್, ಎರಡು ಚೌಕಗಳಿಗೆ ಒಂದು ಟನ್. ಇಂಧನದ ಟ್ಯಾಂಕೂ ಸೇರಿ 200 ಟನ್ನಿಗೆ 400 ಚೌಕ, ಶೇ. 20ರಷ್ಟು ಆಚೀಚೆ ನಡೆಯುತ್ತದೆ. ಹಳೆಯ ಚಿತ್ರಕಾರರು ಕಾರಿಡಾರ್‌ಗಳನ್ನು ಧಾರಾಳವಾಗಿ ಎಳೆದುಬಿಟ್ಟಿದ್ದರೆ 900 ಚೌಕಗಳೂ ಸಿಗಬಹುದು. ಆಗ ಟನ್ ಹೆಚ್ಚಿಸಬೇಡಿ. ಬೆಲೆ, ಇಂಧನ, ಸಾಲದ ಕಂತು ಎಲ್ಲವೂ ಬದಲಾಗುತ್ತವೆ. ಚೌಕವನ್ನೇ 1 ಮೀಟರ್ ಎಂದು ಘೋಷಿಸಿ. ಮೂರು ಮೀಟರ್ ಎತ್ತರಕ್ಕೆ 2,700 ಘನ ಮೀಟರ್, ಟನ್ನಿಗೆ 13.5ರಂತೆ ಅದು 200 ಟನ್ನೇ ಆಗುತ್ತದೆ.

ಹೊಸ ಆಯುಧಗಳ ಬಗ್ಗೆ ಎಚ್ಚರ. ಪೆಟ್ಟು ಶಕ್ತಿ, ಚುರುಕು, ತಾಳಿಕೆ ಈ ಮೂರರಿಂದ ಕಳೆಯುತ್ತದೆ. ಸಾಮಾನ್ಯ ಪಾತ್ರಕ್ಕೆ ಮೂರೂ ಸೇರಿ 21. ಮೂಲದ ರೈಫಲ್‌ಗೆ ಮೂರು ದಾಳ, ಲೇಸರ್ ರೈಫಲ್‌ಗೆ ಐದು. ಪೂರಕ ಪುಸ್ತಕದ ಕೈಬಂದೂಕಿಗೆ ಆರು ದಾಳ ಇದ್ದರೆ ಸರಾಸರಿಯೇ 21, ಒಂದೇ ಗುಂಡಿಗೆ ಪಾತ್ರ ಮುಗಿಯಿತು. ಅದನ್ನು ನಾಲ್ಕಕ್ಕೆ ಇಳಿಸಿ. ದೂರ ಮತ್ತು ಕವಚದ ಅಂಕಿಗಳು ಕೊಟ್ಟೇ ಇಲ್ಲದಿದ್ದರೆ, ಮೂಲ ಕೋಷ್ಟಕದಲ್ಲಿ ಅದಕ್ಕೆ ತೀರಾ ಹತ್ತಿರದ ಆಯುಧದ ಸಾಲನ್ನೇ ಇಡಿಯಾಗಿ ನಕಲು ಮಾಡಿಕೊಳ್ಳಿ.