ಓವರ್‌ಡ್ರಾಫ್ಟ್ ಶುಲ್ಕ: ಬ್ಯಾಂಕ್ ಬದಲಿಸಲಿಲ್ಲ, ಖಾತೆ ಮುಚ್ಚಿದೆ

ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ನನ್ನದು ಪಾತ್ರೆ ಅಂಗಡಿ. ಒಂದೇ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಒಂದು, 5 ಲಕ್ಷ ಮಿತಿಯ ಓವರ್‌ಡ್ರಾಫ್ಟ್ ಖಾತೆ (ಮಿತಿಯೊಳಗೆ ಬೇಕಾದಷ್ಟು ಸಾಲ ತೆಗೆದು, ಹಣ ಬಂದಾಗ ತುಂಬುವ ಖಾತೆ) ಇನ್ನೊಂದು. ವ್ಯಾಪಾರ ಇದ್ದಷ್ಟೇ ಇದ್ದರೂ ತಿಂಗಳ ಕಡಿತ ಏರುತ್ತಿತ್ತು.

ವ್ಯವಸ್ಥಾಪಕರಿಗೆ ಮನವಿ ಕೊಟ್ಟೆ. ಒಮ್ಮೆ 590 ರೂಪಾಯಿ (500, ಮೇಲೆ ಶೇ 18 ಜಿಎಸ್‌ಟಿ) ಮರಳಿತು, ಮುಂದಿನ ತಿಂಗಳು ಮತ್ತೆ ಕಡಿತ. ಚಾಲ್ತಿ ಖಾತೆಯಲ್ಲಿ 60,000 ಉಳಿಸತೊಡಗಿದೆ. ಕನಿಷ್ಠ ಶಿಲ್ಕಿನ ದಂಡ ನಿಂತಿತು, ಬಡ್ಡಿ ಏರಿತು. ಬೇರೆ ಬ್ಯಾಂಕಿಗೆ ಹೋಗೋಣವೆಂದರೆ ಪರಿಶೀಲನಾ ಶುಲ್ಕ, ವಕೀಲರ ವರದಿ, ಮನೆಯ ಹೊಸ ಅಡಮಾನ: ಎರಡು ವರ್ಷದ ಉಳಿತಾಯ ಅಲ್ಲೇ ಕರಗುತ್ತಿತ್ತು.

ಕೊನೆಗೆ 12 ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ ಬಡ್ಡಿ, ದಂಡ, ನಗದು ಜಮಾ ಶುಲ್ಕಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿದೆ. ಓವರ್‌ಡ್ರಾಫ್ಟ್ ಬಡ್ಡಿ ಬೀಳುವುದು ದಿನದಿನದ ಬಾಕಿಯ ಮೇಲೆ; ಅಲ್ಲಿ ಹಣ ತುಂಬಿದಷ್ಟೂ ಬಡ್ಡಿ ಇಳಿಯುತ್ತದೆ. ಬಡ್ಡಿಯಿಲ್ಲದ ಚಾಲ್ತಿ ಖಾತೆಯಲ್ಲಿ ಮಲಗಿದ್ದ 60,000ಕ್ಕೆ ಶೇ 11ರಂತೆ ವರ್ಷಕ್ಕೆ 6,600 ನಾನೇ ತೆರುತ್ತಿದ್ದೆ! ಚೆಕ್ ಪುಸ್ತಕ, ಕ್ಯೂಆರ್ ಎರಡೂ ಓವರ್‌ಡ್ರಾಫ್ಟ್ ಖಾತೆಗೇ ಸಿಕ್ಕವು. ಚಾಲ್ತಿ ಖಾತೆ ಬೇಕೇ ಇರಲಿಲ್ಲ.

ಕ್ರಮ ಮುಖ್ಯ. ಮೊದಲು ಕ್ಯೂಆರ್ ಜಮಾವನ್ನು ಬದಲಿಸಿ ಮೂರು ದಿನ ಹಣ ಬರುವುದನ್ನು ನೋಡಿದೆ. ಆಮೇಲೆ ಸ್ವಯಂಚಾಲಿತ ಕಂತುಗಳು, ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಖಾತೆ ಸಂಖ್ಯೆ. ಚೆಕ್ಕಿನ ಆಯುಷ್ಯ 3 ತಿಂಗಳು. ಕೊಟ್ಟವೆಲ್ಲ ತೀರುವವರೆಗೆ ಹಳೆಯ ಖಾತೆ ಮುಟ್ಟಲಿಲ್ಲ. ನಂತರವೇ ಶಿಲ್ಕು ವರ್ಗಾಯಿಸಿ, ಉಳಿದ ಚೆಕ್ ಹಾಳೆಗಳೊಂದಿಗೆ ಮುಚ್ಚುವ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ. ನಗದು ಜಮಾ ಶುಲ್ಕ ಮಾತ್ರ ಈಗಲೂ ಬೀಳುತ್ತದೆ.