ಉಪ್ಪುಂಡು ಹೊಳೆಯುವ ಐಸ್ ಪ್ಲಾಂಟ್: ಕುಂಡದಲ್ಲಿ ಬೆಳೆಸುವುದು ಹೇಗೆ?

ಬಿಸಿಲಿಗೆ ಹಿಡಿದರೆ ಎಲೆ ತುಂಬಾ ಇಬ್ಬನಿ. ಒರೆಸಿ ನೋಡಿ, ಬೆರಳು ಒದ್ದೆಯಾಗುವುದಿಲ್ಲ. ಉಗುರಿನಿಂದ ಒತ್ತಿದರೆ ಮಾತ್ರ ಪಟ್ಟನೆ ಒಡೆದು ಉಪ್ಪುನೀರು ಜಿನುಗುತ್ತದೆ. ಈ ಒಂದೊಂದು ಗುಳ್ಳೆಯೂ ಒಂದೊಂದು ಜೀವಕೋಶ. ಬೇರು ಹೀರಿದ ಹೆಚ್ಚುವರಿ ಉಪ್ಪನ್ನು ಗಿಡ ತುಂಬಿಡುವ ಕಣಜಗಳಿವು. ಆಫ್ರಿಕಾದ ನೈರುತ್ಯ ಕರಾವಳಿಯ ಮರಳುಗಾಡಿನಲ್ಲಿ ಅರಳುವ ಈ ಕಾಡುಹೂವಿಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಮೆಸೆಂಬ್ರಿಯಾಂಥಿಮಮ್ ಕ್ರಿಸ್ಟಲಿನಮ್ ಎಂದು ಹೆಸರಿಟ್ಟ. ಹರಳಿನಂಥದ್ದು ಎಂಬ ಆ ಹೆಸರು ಎಷ್ಟು ಒಪ್ಪುತ್ತದೆ!

ಮೊದಲ ಕೆಲಸ ಮಣ್ಣು. ಅರ್ಧ ಮರಳು, ಅರ್ಧ ಮಣ್ಣು, ಒಂದು ಹಿಡಿ ಗೊಬ್ಬರ ಸಾಕು. ಕುಂಡದ ತೂತು ಮುಚ್ಚಿರಬಾರದು. ಬೀಜ ಬಲು ಸಣ್ಣದು. ಹೂಳದೆ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ನೀರು ಚಿಮುಕಿಸಿ. ತಂಪು ಹವೆ, ಒಳ್ಳೆಯ ಬೆಳಕು ಬೇಕು.

ಉಪ್ಪಿನ ಗಿಡ ಎಂದು ಮೊದಲ ದಿನವೇ ಉಪ್ಪುನೀರು ಹಾಕಬೇಡಿ. ಬಹುಮಂದಿ ಎಡವುವುದು ಇಲ್ಲೇ. ಉಪ್ಪಿನಲ್ಲಿ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಮರಳುಗಾಡಿನಲ್ಲೂ ಅದು ಮೊಳೆಯುವುದು ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ. ಐದಾರು ವಾರ ಸಿಹಿನೀರೇ ಕೊಡಿ.

ಆಮೇಲೆ ಉಪ್ಪಿನ ಸರದಿ. ಲೀಟರ್ ನೀರಿಗೆ ಸುಮಾರು 3 ಗ್ರಾಂ, ಅಂದರೆ ಅರ್ಧ ಟೀ ಚಮಚ ಉಪ್ಪು ಕರಗಿಸಿ ಒಂದು ವಾರ ಹಾಕಿ. ಮುಂದಿನ ವಾರ 6 ಗ್ರಾಂ, ಅದರ ಮುಂದಿನ ವಾರ 12 ಗ್ರಾಂ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ಕುಂಡದಲ್ಲಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ನಡುನಡುವೆ ಸಿಹಿನೀರು ಸುರಿದು, ತಳದಿಂದ ಹರಿದು ಹೋಗಲು ಬಿಡಿ.

ಈಗ ಒಂದು ಪರೀಕ್ಷೆ. ಉಪ್ಪು ಕೊಡತೊಡಗಿ ಎರಡು ವಾರವಾದ ಮೇಲೆ ನಸುಕಿನಲ್ಲಿ ಎಲೆಯ ಚೂರೊಂದನ್ನು ನಾಲಿಗೆಗೆ ಹಚ್ಚಿ: ಉಪ್ಪಿನ ಜೊತೆ ಹುಳಿ. ಸಂಜೆ ಅದೇ ಗಿಡದ ಇನ್ನೊಂದು ಚೂರು: ಹುಳಿ ಇಳಿದಿರುತ್ತದೆ. ನೀರು ಉಳಿಸಲು ಗಿಡ ಹಗಲು ಪತ್ರರಂಧ್ರ (ಗಾಳಿಯಾಡುವ ಎಲೆಯ ಸಣ್ಣ ತೂತು) ಮುಚ್ಚಿ, ರಾತ್ರಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟಿರುತ್ತದೆ; ಹಗಲಿನಲ್ಲಿ ಅದನ್ನೇ ಬಳಸಿ ಅಡುಗೆ ಮಾಡಿಕೊಳ್ಳುತ್ತದೆ. ಉಪ್ಪು ತಾಗಿದ ಮೇಲೆ ಗಿಡವೊಂದು ಉಸಿರಾಟದ ಹೊತ್ತನ್ನೇ ಬದಲಿಸುವ ಈ ಸಂಗತಿಯನ್ನು ವಿಂಟರ್ ಮತ್ತು ಫಾನ್ ವಿಲ್ಲರ್ಟ್ ಎಂಬ ವಿಜ್ಞಾನಿಗಳು 1972ರಲ್ಲಿ ಪ್ರಕಟಿಸಿದರು. ನಾಲಿಗೆಯ ಮೇಲೇ ಅದು ಸಿಗುವುದು ನನಗಂತೂ ಇಂದಿಗೂ ಬೆರಗು. ಎಲೆಯಲ್ಲಿ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯವರು ತಿನ್ನದಿರಲಿ.

ಬಿಸಿಲೇರಿದಾಗ ಎಳೆಎಳೆ ದಳದ ಬಿಳಿ, ನಸುಗುಲಾಬಿ ಹೂ ಬಿಚ್ಚಿಕೊಳ್ಳುತ್ತದೆ. ಬೀಜ ಕಟ್ಟಿದ ಮೇಲೆ ಗಿಡ ಒಣಗುತ್ತದೆ. ಒಣಗಿದ್ದನ್ನು ತೋಟದ ಮಣ್ಣಿಗೆ ಮಾತ್ರ ಎಸೆಯಬೇಡಿ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಹೊರಗಿನಿಂದ ಬಂದ ಈ ಗಿಡ ಸತ್ತಾಗ, ಕೂಡಿಟ್ಟ ಉಪ್ಪೆಲ್ಲ ಮಣ್ಣಿಗಿಳಿದು ಅಲ್ಲಿನ ಸ್ಥಳೀಯ ಸಸ್ಯಗಳು ಮೇಲೇಳದಂತಾಗಿದೆ. ಬೀಜವನ್ನು ಬಿಡಿಸಿ ಕಾಗದದ ಪೊಟ್ಟಣದಲ್ಲಿಟ್ಟು, ಉಳಿದ ಗಿಡವನ್ನು ಕಟ್ಟಿ ಕಸಕ್ಕೆ ಹಾಕಿ.